ಬಂಗುಡೆಯ ರೇಟು, ಎಂಟು ರೂಪಾಯಿಯ ಲೆಕ್ಕ

ಬಿ.ಎಡ್. ಎರಡು ವರ್ಷದ್ದಾದದ್ದು 2015ರಲ್ಲಿ. ಅದರ ನಂತರದ ಬ್ಯಾಚಿನವರು ನಾವು. ಉಡುಪಿಯ ಆ ದಿನಗಳೆಂದರೆ ಪಾಠ ಯೋಜನೆ, ಚಾರ್ಟ್ ಪೇಪರ್, ಸ್ಕೆಚ್ ಪೆನ್ನು, ಮತ್ತೆ ಪಾಠ ಯೋಜನೆ. ಹೆಚ್ಚಿನದೆಲ್ಲ ಮರೆತುಹೋಗಿದೆ. ಗಣಿತಕ್ಕೆ ನಾವು ಬರೆದ ಕಾಮಿಕ್ಸ್ ಮಾತ್ರ ನೆನಪಿದೆ.

ಗಣಿತ ಬೋಧನಾ ವಿಧಾನದ ಮೇಡಂ ಕೇಳಿದ್ದು ಇಷ್ಟೆ: ಒಂದು ಹಾಳೆ, ಆರು ಚೌಕ, ಒಂದು ಲೆಕ್ಕ. ಕಪ್ಪು ಪೆನ್ನಿನಲ್ಲೇ ಬರೆಯಬೇಕು, ಜೆರಾಕ್ಸ್ ಮಾಡಿಸಬೇಕಲ್ಲ! ಜೊತೆಗೊಂದು ಷರತ್ತು. ತಪ್ಪು ಉತ್ತರ ಹೇಳುವವನು ಪೆದ್ದನಾಗಿರಬಾರದು. "ಮಕ್ಕಳ ತಪ್ಪಿಗೂ ಒಂದು ಕಾರಣ ಇರ್ತದೆ. ಅದು ಅವನ ಬಾಯಲ್ಲಿ ಬರಲಿ" ಅಂದರು.

ಚಿತ್ರ ಬರೆಯುವುದಕ್ಕಿಂತ ಈ ಷರತ್ತೇ ಜಾಸ್ತಿ ಕಾಡಿತು. ಪಾಠ ಯೋಜನೆಯಲ್ಲಾದರೆ 'ವಿದ್ಯಾರ್ಥಿಗಳು ಉತ್ತರಿಸುವರು' ಅಂತ ಬರೆದು ಮುಂದೆ ಹೋಗಬಹುದು. ಕಾಮಿಕ್ಸಿನಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಎಂತ ಉತ್ತರ, ಯಾಕೆ ಆ ಉತ್ತರ ಅಂತ ಬರೆಯಲೇಬೇಕು, ಅದೂ ಮಾತು ಬರೆಯುವ ಸಣ್ಣ ಬಲೂನಿನೊಳಗೆ.

ನಮ್ಮ ತಂಡಕ್ಕೆ ಸಿಕ್ಕಿದ್ದು ಶೇಕಡಾ. ಯಕ್ಷಗಾನದ ಹುಚ್ಚಿನ ಗೆಳೆಯನೊಬ್ಬ ಬಣ್ಣದ ವೇಷ ಬರೆದ. ಚೌಕವೆಲ್ಲ ಕಿರೀಟವೇ ತುಂಬಿ ಲೆಕ್ಕಕ್ಕೆ ಜಾಗ ಉಳಿಯಲಿಲ್ಲ. ಕೊನೆಗೆ ಕತೆಯನ್ನು ಮಲ್ಪೆಗೆ ಒಯ್ದೆವು. ಬಂಗುಡೆ ಕೆ.ಜಿ.ಗೆ 200 ರೂಪಾಯಿ. ಜೂನ್, ಜುಲೈ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ರೇಟು 20 ಪರ್ಸೆಂಟ್ ಏರಿತು. ಆಗಸ್ಟ್‌ನಲ್ಲಿ 20 ಪರ್ಸೆಂಟ್ ಇಳಿಯಿತು. ಮೀನು ಕೊಳ್ಳಲು ಬಂದವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. "ಏರಿದಷ್ಟೇ ಇಳಿಯಿತಲ್ವಾ, ಹಾಗಾದ್ರೆ ಮೊದಲಿನ ಇನ್ನೂರೇ" ಅಂತಾರೆ. ಮೀನಿನ ಅಕ್ಕ ನಗುತ್ತಾರೆ: "ಏರಿದ್ದು ಇನ್ನೂರರ ಮೇಲೆ, ಇಳಿದದ್ದು ಇನ್ನೂರ ನಲವತ್ತರ ಮೇಲೆ ಮಾರಾಯ್ರೆ. 48 ಕಳೆಯಿರಿ. 192 ಕೊಡಿ, ಸಾಕು."

ಪಾಠ ಮಾಡಲು ಹೋದ ಶಾಲೆಯ ಎಂಟನೇ ಕ್ಲಾಸಿನಲ್ಲಿ ಹಂಚಿದೆವು. ಹಿಂದಿನ ಬೆಂಚಿನ ಹುಡುಗ ಎದ್ದ. "ಟೀಚರ್, ಆ ಅಕ್ಕ ಸುಮ್ನೆ ಇದ್ದಿದ್ರೆ ಎಂಟು ರೂಪಾಯಿ ಜಾಸ್ತಿ ಸಿಗ್ತಿತ್ತಲ್ವಾ?" ಕ್ಲಾಸಿಡೀ ನಕ್ಕಿತು. ವ್ಯಾಪಾರದ ಬುದ್ಧಿ ಹೇಗಾದರೂ ಇರಲಿ, ಎಂಟು ರೂಪಾಯಿ ಎಲ್ಲಿ ಹೋಯಿತು ಅಂತ ಅವನಿಗೆ ಗೊತ್ತಾಗಿತ್ತು.

ಕೊನೆಯ ಬಲೂನನ್ನು ಮಕ್ಕಳೇ ತುಂಬಲಿ ಅಂತ ಖಾಲಿ ಬಿಟ್ಟಿದ್ದೆವು. ಹೆಚ್ಚಿನವರು ಮ್ಯಾನೇಜರ ಬಾಯಲ್ಲಿ ಥ್ಯಾಂಕ್ಸ್ ಹೇಳಿಸಿದ್ದರು. ಒಬ್ಬಳು ಬರೆದಿದ್ದಳು: "ಮೊದಲು ಇಳಿಸಿ ಆಮೇಲೆ ಏರಿಸಿದರೆ?" ನಮ್ಮ ಪಾಠ ಯೋಜನೆಯಲ್ಲಿ ಅದು ಇರಲಿಲ್ಲ. ಅವಳನ್ನೇ ಬೋರ್ಡಿಗೆ ಕರೆದೆವು. 200 ಇಳಿದು 160 ಆಯಿತು. ಅದರ 20 ಪರ್ಸೆಂಟ್ 32. ಕೂಡಿಸಿದರೆ ಮತ್ತೆ 192! 20 ಪರ್ಸೆಂಟ್ ಇಳಿಸುವುದೆಂದರೆ 0.8ರಿಂದ ಗುಣಿಸುವುದು, ಏರಿಸುವುದೆಂದರೆ 1.2ರಿಂದ. ಯಾವುದು ಮೊದಲು ಬಂದರೂ ಗುಣಲಬ್ಧ 0.96 ತಾನೆ. ಮುಂದಿನ ಕಾಮಿಕ್ಸಿಗೆ ನಾವು ಲೆಕ್ಕ ಹುಡುಕಬೇಕಾಗಲಿಲ್ಲ.