ಎರಡು ಟಿಕ್ ಹಾಕಿದ ಉತ್ತರ

ಮಾರ್ಚ್ 9, 2025, ಭಾನುವಾರ ರಾತ್ರಿ

ಒಂದೇ ಒಂದು ಅಂಕದ ಪ್ರಶ್ನೆ ಇವತ್ತಿನ ಸಂಜೆಯನ್ನೆಲ್ಲ ತಿಂದುಹಾಕಿತು.

ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದೆ. ಪ್ರಶ್ನೆ ನಾನೇ ಬರೆದದ್ದು: ‘ಮೇಣದಬತ್ತಿಯ ಜ್ವಾಲೆ ದ್ರವ್ಯದ ಯಾವ ಸ್ಥಿತಿ? ಘನ, ದ್ರವ, ಅನಿಲ, ಪ್ಲಾಸ್ಮಾ.’ ಸರಿಯುತ್ತರ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳು ತುಂಬಿದ ಅನಿಲ, ಅಂತ ಗುರುತು ಹಾಕಿಕೊಂಡಿದ್ದೆ. ಎಲ್ಲರೂ ಹಾಗೇ ಹೇಳ್ತಾರಲ್ವಾ, ನಾನೂ ನಂಬಿದ್ದೆ. ಒಬ್ಬ ಹುಡುಗಿ ಮಾತ್ರ ಎರಡಕ್ಕೆ ಟಿಕ್ ಹಾಕಿದ್ದಳು: ಅನಿಲ ಮತ್ತು ಘನ. ಕೆಂಪು ಪೆನ್ನಿನಲ್ಲಿ ಗೀಚಿ ಸೊನ್ನೆ ಕೊಟ್ಟೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಮಸಿ’ ಅಂತ ಬರೆದಿದ್ದಳು. ಅದು ಕಣ್ಣಿಗೆ ಬಿದ್ದದ್ದು ಆಮೇಲೆ.

ಪೆನ್ನು ಕೆಳಗಿಟ್ಟು ಮೇಣದಬತ್ತಿ ಹಚ್ಚಿದೆ.

ಹತ್ತಿರದಿಂದ ನೋಡಿದರೆ ಉರಿ ಒಂದೇ ಬಣ್ಣದ್ದಲ್ಲ. ಬುಡದಲ್ಲಿ ತೆಳು ನೀಲಿ. ಬತ್ತಿಯ ಸುತ್ತ ಮಂಕಾದ, ಹೆಚ್ಚುಕಡಿಮೆ ಖಾಲಿ ಅನ್ನಿಸುವ ಜಾಗ. ಅದರ ಮೇಲೆ ದಪ್ಪ ಹಳದಿ. ಆ ಮಂಕು ಜಾಗದಲ್ಲಿರುವುದು ಇನ್ನೂ ಉರಿಯದ ಮೇಣದ ಆವಿ. ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣ ಬತ್ತಿಯ ಎಳೆಗಳನ್ನು ಹಿಡಿದು ಮೇಲಕ್ಕೇರುತ್ತದೆ, ತುದಿಯಲ್ಲಿ ಆವಿಯಾಗುತ್ತದೆ. ಉರಿಯುವುದು ಮೇಣವಲ್ಲ, ಬತ್ತಿಯೂ ಅಲ್ಲ, ಈ ಆವಿ. ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆ ಮೇಣದಬತ್ತಿಯ ಬಗ್ಗೆಯೇ ಉಪನ್ಯಾಸ ಮಾಲೆ ಕೊಟ್ಟಿದ್ದರು. ಉರಿಯ ನಡುವಿಗೆ ಗಾಜಿನ ಕೊಳವೆ ತೂರಿಸಿ, ಆ ಆವಿಯನ್ನು ಹೊರಗೆ ತಂದು, ಕೊಳವೆಯ ಇನ್ನೊಂದು ತುದಿಯಲ್ಲಿ ಹಚ್ಚಿ ತೋರಿಸಿದ್ದರು. ನನ್ನ ಹತ್ತಿರ ಕೊಳವೆ ಇರಲಿಲ್ಲ. ಬತ್ತಿ ಊದಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿ ಗೀರಿ ಹಿಡಿದೆ. ಬತ್ತಿಗೆ ಮುಟ್ಟಿಸಲಿಲ್ಲ. ಆದರೂ ಉರಿ ಹೊಗೆಯಗುಂಟ ಕೆಳಗಿಳಿದು ಬತ್ತಿ ಹತ್ತಿಕೊಂಡಿತು. ಸುಮ್ನೆ ನಾಲ್ಕು ಸಲ ಮಾಡಿದೆ.

ಅಲ್ಲಿಗೆ ಅನಿಲ ಸರಿ. ಘನ ಎಲ್ಲಿಂದ ಬಂತು?

ಸ್ಟೀಲ್ ಚಮಚವನ್ನು ಹಳದಿ ಭಾಗದೊಳಗೆ ಎರಡು ಸೆಕೆಂಡ್ ಹಿಡಿದೆ. ಹಿಂದೆ ತೆಗೆದಾಗ ಹೊಟ್ಟೆಯಲ್ಲೆಲ್ಲ ಮಖಮಲ್ಲಿನಂತೆ ಮೆತ್ತನೆಯ ಮಸಿ. ಬುಡದ ನೀಲಿಗೆ ಹಿಡಿದರೆ ಅಷ್ಟು ಮಸಿ ಇಲ್ಲ. ಬಿಸಿಗೆ ಮೇಣದ ಆವಿ ಒಡೆಯುತ್ತದೆ. ಒಳಗೆ ಆಮ್ಲಜನಕ ಸಾಲದೆ ಇಂಗಾಲ ಸಣ್ಣ ಸಣ್ಣ ಕಣಗಳಾಗಿ ಗಟ್ಟಿಯಾಗುತ್ತದೆ. ಒಂದೊಂದು ಕಣ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೆ. ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ಅವು ಕಾದ ಕಬ್ಬಿಣದಂತೆ ಕೆಂಡವಾಗಿ ಹೊಳೆಯುತ್ತವೆ. ನಾವು ‘ಬೆಳಕು’ ಅಂತ ನೋಡುವ ಹಳದಿ ಎಲ್ಲಾ ಈ ಘನಕಣಗಳದ್ದೇ. ಮೇಲೆ ಗಾಳಿ ಸಿಕ್ಕಿದ ಕೂಡಲೇ ಹೆಚ್ಚಿನವು ಸುಟ್ಟು ಮಾಯ. ಬುಡದ ನೀಲಿಯ ಕತೆ ಬೇರೆ. ಅದು ಕಾದು ಹೊಳೆಯುವುದಲ್ಲ. ಅಣುಗಳು ಮುರಿದು ಕೂಡುವಾಗ ಹುಟ್ಟುವ ಅರೆಬರೆ ತುಂಡುಗಳು ಬಿಡುವ ಬೆಳಕು.

ನಂಬಿಕೆ ಬರದೆ ಇನ್ನೊಂದು ಮಾಡಿ ನೋಡಿದೆ. ದೀಪ ಆರಿಸಿ, ದೊಡ್ಡ ಟಾರ್ಚನ್ನು ಮೇಣದಬತ್ತಿಯ ಹಿಂದಿನಿಂದ ಗೋಡೆಗೆ ಬಿಟ್ಟೆ. ಗೋಡೆಯ ಮೇಲೆ ಉರಿಗೂ ನೆರಳು! ಬಿಸಿಗಾಳಿಯ ಅಲೆಯಾಟ ಮೇಲೆ ಕಾಣುತ್ತಿತ್ತು, ಅದರ ಕೆಳಗೆ ಹಳದಿ ಇರುವ ಕಡೆ ಮಾಸಲು ಕಪ್ಪು. ಅತಿ ಹೆಚ್ಚು ಬೆಳಗುವ ಭಾಗವೇ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಬರೀ ಅನಿಲವಾಗಿದ್ದರೆ ಆ ಕಪ್ಪು ಬೀಳುತ್ತಿರಲಿಲ್ಲ.

ಈಗ ನನ್ನ ಪ್ಲಾಸ್ಮಾ. ಆ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ. ಪ್ಲಾಸ್ಮಾ ಅನ್ನಿಸಿಕೊಳ್ಳಲು ಅಣು ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದು, ಅಂಥ ಕಣಗಳು ಒಟ್ಟಾಗಿ ವಿದ್ಯುತ್ತಿಗೆ ಓಗೊಡುವಷ್ಟು ಇರಬೇಕು. ಎಷ್ಟು ಬಿಸಿಗೆ ಎಷ್ಟು ಪರಮಾಣು ಹಾಗೆ ಒಡೆಯುತ್ತವೆ ಅನ್ನುವ ಲೆಕ್ಕವನ್ನು ನಮ್ಮ ದೇಶದ ಭೌತವಿಜ್ಞಾನಿ ಮೇಘನಾದ ಸಾಹಾ 1920ರಲ್ಲೇ ಕೊಟ್ಟಿದ್ದರು. ಆ ಲೆಕ್ಕ ಹಿಡಿದರೆ ಮೇಣದಬತ್ತಿಯ 1400 ಡಿಗ್ರಿ ಏನೇನೂ ಸಾಲದು. ಗಾಳಿಯ ಸಾರಜನಕ ಅಲ್ಲಾಡುವುದೂ ಇಲ್ಲ. ಹಾಗಂತ ಅಯಾನುಗಳೇ, ಅಂದರೆ ವಿದ್ಯುದಾವೇಶವುಳ್ಳ ಕಣಗಳೇ, ಇಲ್ಲ ಅಂತಲ್ಲ. ಉರಿಯುವ ರಾಸಾಯನಿಕ ಕ್ರಿಯೆಯೇ ಒಂದಿಷ್ಟು ಹುಟ್ಟಿಸುತ್ತದೆ. ಹೆಚ್ಚು ವೋಲ್ಟೇಜಿನ ಎರಡು ತಗಡುಗಳ ನಡುವೆ ಇಟ್ಟರೆ ಜ್ವಾಲೆ ಋಣ ತಗಡಿನ ಕಡೆಗೆ ವಾಲುವುದು ಅದಕ್ಕೇ. (ಇದನ್ನು ಮನೆಯಲ್ಲಿ ಮಾಡಲು ಹೋಗಲಿಲ್ಲ.) ಆದರೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಕಣಗಳ ನಡುವೆ ಎಲ್ಲೋ ಒಂದು ಅಯಾನು. ಅಷ್ಟಕ್ಕೆ ಇಡೀ ಉರಿಯನ್ನು ಪ್ಲಾಸ್ಮಾ ಅನ್ನುವುದು ಜಾಸ್ತಿಯಾಯಿತು. ಮಿಂಚಾದರೆ ಸರಿ, ವೆಲ್ಡಿಂಗ್ ಕಿಡಿಯಾದರೆ ಸರಿ.

ನಿಜ ಹೇಳಬೇಕೆಂದರೆ ಪ್ರಶ್ನೆಯೇ ಸರಿಯಿಲ್ಲ. ಜ್ವಾಲೆ ಅನ್ನುವುದು ಒಂದು ವಸ್ತುವೇ ಅಲ್ಲ, ಹೊಳೆಯ ಸುಳಿಯ ಹಾಗೆ. ಒಳಗಿನ ಸರಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆಕಾರ ಮಾತ್ರ ಉಳಿಯುತ್ತದೆ. ಆ ಆಕಾರವೂ ಅದರದ್ದಲ್ಲ. ಬಿಸಿಗಾಳಿ ಮೇಲೇಳುವುದರಿಂದ ಹೀಗೆ ಚೂಪಾಗಿದೆ. ಬಾಹ್ಯಾಕಾಶ ನೌಕೆಯೊಳಗೆ ಹಚ್ಚಿದಾಗ ಮೇಲೆ ಕೆಳಗೆ ಅನ್ನುವುದಿಲ್ಲದೆ ಅದು ಗುಂಡಗೆ, ನೀಲಿಯಾಗಿ ನಿಂತಿತ್ತು. ಮಸಿಯ ಹಳದಿ ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಹುಡುಗಿಯ ಪತ್ರಿಕೆ ಮತ್ತೆ ತೆಗೆದು ಸೊನ್ನೆ ಹೊಡೆದು ಒಂದು ಮಾಡಿದೆ. ಬೆರಳಿನ ಮಸಿ ಹಾಳೆಗೂ ಹತ್ತಿತು, ಸರಿಯಾಗಿ ಅವಳ ಟಿಕ್ ಪಕ್ಕದಲ್ಲೇ. ಪ್ಲಾಸ್ಮಾ ಅಂತ ಬರೆದ ಹನ್ನೊಂದು ಮಕ್ಕಳಿಗೆ ಆಗಲೇ ಪೂರ್ತಿ ಅಂಕ ಹಾಕಿಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ತರಗತಿಗೆ ಚಮಚ ಒಯ್ಯಬೇಕು. ಟಾರ್ಚಿನ ಸೆಲ್ ಮುಗಿಯುತ್ತಾ ಬಂದಿದೆ.