ಡೆನ್ವರ್‌ನಿಂದ ಶಿಕಾಗೋಗೆ, ಬೆಳ್ಳಿ ರೈಲಿನ ಹಳೆಯ ಹಳಿಗಳ ಮೇಲೆ

ಡೆನ್ವರ್‌ನ ಯೂನಿಯನ್ ಸ್ಟೇಷನ್ನಿನ ನೆತ್ತಿಯ ಮೇಲೆ ‘ರೈಲಿನಲ್ಲಿ ಪ್ರಯಾಣಿಸಿ’ ಎಂದು ಹೇಳುವ ದೊಡ್ಡ ನಿಯಾನ್ ಫಲಕವಿದೆ. ಆ ಮಾತನ್ನು ನಂಬಿ ಹೊರಟವರಿಗೆ ಇಂದು ಅಲ್ಲಿ ಸಿಗುವ ನಿತ್ಯದ ದೂರಪ್ರಯಾಣದ ರೈಲು ಒಂದೇ ಒಂದು, ಕ್ಯಾಲಿಫೋರ್ನಿಯಾ ಜೆಫಿರ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನ ಎಮರಿವಿಲ್‌ನಿಂದ ಹೊರಟು ರಾಕಿ ಪರ್ವತಗಳನ್ನು ದಾಟಿ ಬರುವ ಈ ಗಾಡಿ ಸಂಜೆಯ ಹೊತ್ತಿಗೆ ಡೆನ್ವರ್ ಬಿಟ್ಟು, ಮರುದಿನ ಮಧ್ಯಾಹ್ನ ಮೂರರ ಸುಮಾರಿಗೆ ಶಿಕಾಗೋ ಸೇರುತ್ತದೆ. ವೇಳಾಪಟ್ಟಿಯ ಪ್ರಕಾರ ಇದು 18ರಿಂದ 19 ಗಂಟೆಗಳ ದಾರಿ. ಹೆಚ್ಚಿನ ಪ್ರವಾಸಿಗರು ಈ ರೈಲನ್ನು ಹತ್ತುವುದು ಡೆನ್ವರ್‌ನಿಂದ ಪಶ್ಚಿಮಕ್ಕಿರುವ ಕಣಿವೆಗಳನ್ನೂ ಸುರಂಗಗಳನ್ನೂ ನೋಡುವುದಕ್ಕೆ. ಪೂರ್ವದ ಬಯಲನ್ನು ಅವರು ನಿದ್ದೆಯಲ್ಲಿ ಕಳೆಯುತ್ತಾರೆ. ನನಗೆ ಬೇಕಾಗಿದ್ದುದು ಆ ಬಯಲೇ, ಏಕೆಂದರೆ ಅಮೆರಿಕದ ಪ್ರಯಾಣಿಕ ರೈಲುಗಳ ರೂಪವನ್ನೂ ಒಡಲನ್ನೂ ಬದಲಿಸಿದ ಓಟ ನಡೆದದ್ದು ಇದೇ ಹಾದಿಯಲ್ಲಿ.

1934ರ ಮೇ 26ರಂದು ಬೆಳಗಿನ ಜಾವ ಐದು ಗಂಟೆ ದಾಟಿದ ಮೇಲೆ ಡೆನ್ವರ್‌ನಿಂದ ಮೂರು ಬೋಗಿಗಳ, ಬೆಳ್ಳಿಯಂತೆ ಹೊಳೆಯುವ ಪುಟ್ಟ ರೈಲೊಂದು ಹೊರಟಿತು. ಶಿಕಾಗೋ, ಬರ್ಲಿಂಗ್ಟನ್ ಅಂಡ್ ಕ್ವಿನ್ಸಿ ಎಂಬ ಕಂಪನಿಯ ಈ ಗಾಡಿಗೆ ಗ್ರೀಕರ ಪಡುವಣ ಗಾಳಿಯ ದೇವತೆಯ ಹೆಸರನ್ನಿಟ್ಟು ‘ಬರ್ಲಿಂಗ್ಟನ್ ಜೆಫಿರ್’ ಎಂದು ಕರೆದಿದ್ದರು. ‘ಪಯೋನೀರ್ ಜೆಫಿರ್’ ಎಂಬ ಹೆಸರು ಆಮೇಲಿನದು. ಅದು 1,015 ಮೈಲಿಗಳನ್ನು, ಅಂದರೆ ಸುಮಾರು 1,633 ಕಿಲೋಮೀಟರುಗಳನ್ನು, ನಡುವೆ ಎಲ್ಲಿಯೂ ನಿಲ್ಲದ ಲೆಕ್ಕದಲ್ಲಿ 13 ಗಂಟೆ 5 ನಿಮಿಷಗಳಲ್ಲಿ ಮುಗಿಸಿತು. ಅದೇ ಹಾದಿಗೆ ಉಗಿ ಎಂಜಿನ್ನಿನ ಗಾಡಿಗಳು ಅಂದು ಸುಮಾರು 26 ಗಂಟೆ ತೆಗೆದುಕೊಳ್ಳುತ್ತಿದ್ದವು. ತೊಂಬತ್ತು ವರ್ಷಗಳ ಮೇಲೆ ಅದೇ ಹಳಿಗಳ ಮೇಲೆ ನಾನು ಕುಳಿತಿದ್ದ ರೈಲು ಆ ಪುಟ್ಟ ಗಾಡಿಗಿಂತ ಐದು ಗಂಟೆಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ ಎಂಬ ಸಂಗತಿಯೇ ನನ್ನನ್ನು ಈ ಪ್ರಯಾಣಕ್ಕೆ ಎಳೆದದ್ದು.

ಬೇಸಿಗೆಯ ಸಂಜೆಯಾದ್ದರಿಂದ ಡೆನ್ವರ್ ಬಿಟ್ಟ ಮೇಲೂ ಒಂದಷ್ಟು ಹೊತ್ತು ಬೆಳಕಿತ್ತು. ಎರಡು ಅಂತಸ್ತಿನ ಬೋಗಿಗಳ ನಡುವಿನ ವೀಕ್ಷಣಾ ಬೋಗಿಯಲ್ಲಿ, ಚಾವಣಿಯವರೆಗೆ ಬಾಗಿ ಏರಿದ ಗಾಜಿನ ಪಕ್ಕದಲ್ಲಿ ಜಾಗ ಹಿಡಿದು ಕುಳಿತೆ. ಹಿಂದೆ ಬೆಟ್ಟಗಳ ಸಾಲು ಕುಗ್ಗುತ್ತ ಹೋಯಿತು. ಮುಂದೆ ದನಗಳ ದೊಡ್ಡಿಗಳು, ಧಾನ್ಯ ತುಂಬಿಡುವ ಎತ್ತರದ ಕಣಜಗಳು, ಫೋರ್ಟ್ ಮಾರ್ಗನ್ ಊರಿನಲ್ಲಿ ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆ. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ಶಿಕಾಗೋ 180 ಮೀಟರಿನ ಆಸುಪಾಸಿನಲ್ಲಿದೆ. ಆದ್ದರಿಂದ ಪೂರ್ವಾಭಿಮುಖವಾಗಿ ಓಡಿಸಿದ್ದರಲ್ಲಿ ಒಂದು ಜಾಣತನವಿತ್ತು ಎನ್ನದೆ ನಿರ್ವಾಹವಿಲ್ಲ. ಆದರೆ ಆ ಆಕ್ಷೇಪಕ್ಕೆ ಕಂಪನಿಯೇ ಎರಡು ವರ್ಷಗಳ ಮೇಲೆ ಉತ್ತರ ಕೊಟ್ಟಿತು: 1936ರ ಅಕ್ಟೋಬರಿನಲ್ಲಿ ಡೆನ್ವರ್ ಜೆಫಿರ್ ಎಂಬ ಹೊಸ ಗಾಡಿ ಇದೇ ದಾರಿಯನ್ನು ತಿರುಗಾಗಿ, ಏರುಮುಖವಾಗಿ, 12 ಗಂಟೆ 12 ನಿಮಿಷಗಳಲ್ಲಿ ಕ್ರಮಿಸಿತು.

1934ರ ಓಟದ ದಿನ ದಾರಿಯುದ್ದಕ್ಕೂ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಕಾವಲುಗಾರರನ್ನು ನಿಲ್ಲಿಸಿದ್ದರು, ಉಳಿದ ಗಾಡಿಗಳನ್ನು ಬದಿಯ ಹಳಿಗೆ ಸರಿಸಿದ್ದರು. ಕೊಲರಾಡೊದ ಪೂರ್ವಭಾಗದ ಈ ಚಪ್ಪಟೆ ನೆಲದಲ್ಲಿ ಜೆಫಿರ್‌ನ ವೇಗ ಗಂಟೆಗೆ 112.5 ಮೈಲಿ, ಎಂದರೆ 181 ಕಿಲೋಮೀಟರ್ ಮುಟ್ಟಿತು. ಸರಾಸರಿ ವೇಗವೇ 125 ಕಿಲೋಮೀಟರಿನಷ್ಟಿತ್ತು. ನಡುದಾರಿಯಲ್ಲಿ ಬಾಗಿಲೊಂದು ಬಡಿದು ಎಂಜಿನ್ ಚಾಲೂ ಮಾಡುವ ವಿದ್ಯುತ್ ತಂತಿ ತುಂಡಾಗಿ ಎಂಜಿನ್ ನಿಂತೇಹೋಯಿತು. ಗಾಡಿ ತನ್ನ ಓಟದ ಬಲದಲ್ಲೇ ಉರುಳುತ್ತಿರುವಾಗ ನೌಕರನೊಬ್ಬ ತಂತಿಯ ಎರಡು ತುದಿಗಳನ್ನು ಬರಿಗೈಯಲ್ಲಿ ಹಿಡಿದು ಸೇರಿಸಿದ. ಕೈ ಸುಟ್ಟಿತು, ಎಂಜಿನ್ ಮತ್ತೆ ಹತ್ತಿತು. ಗಾಡಿಯಲ್ಲಿ ಗಣ್ಯರ ಜತೆಗೆ ‘ಜೆಫ್’ ಎಂಬ ಕತ್ತೆಯೊಂದೂ ಇತ್ತು. ಡೆನ್ವರ್‌ನವರು ಕೊಟ್ಟ ಈ ಪ್ರಾಣಿಯನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ ಕಂಪನಿಯ ಅಧ್ಯಕ್ಷ ರಾಲ್ಫ್ ಬಡ್, ಈ ಓಟದಲ್ಲಿ ಇನ್ನೊಂದು ಕತ್ತೆ ಹೆಚ್ಚಾದರೆ ಏನಂತೆ ಎಂಬ ಅರ್ಥದ ಉತ್ತರ ಕೊಟ್ಟರೆಂಬ ಕಥೆಯಿದೆ. ಇಡೀ ಪ್ರಯಾಣಕ್ಕೆ ಸುಟ್ಟ ಡೀಸೆಲ್ 418 ಗ್ಯಾಲನ್, ಅದರ ಬೆಲೆ 14 ಡಾಲರ್ 64 ಸೆಂಟ್. ಪತ್ರಿಕೆಗಳು ವೇಗವನ್ನು ಕೊಂಡಾಡಿದವು; ಬೇರೆ ರೈಲ್ವೆ ಕಂಪನಿಗಳ ಲೆಕ್ಕಿಗರು ಮಾತ್ರ ಈ ಎರಡನೆಯ ಅಂಕಿಯನ್ನೇ ಮತ್ತೆ ಮತ್ತೆ ಓದಿರಬೇಕು ಎಂದು ನನ್ನ ಊಹೆ.

ಆ ಹೊತ್ತಿನ ಸ್ಥಿತಿಯನ್ನು ನೆನೆದರೆ ಇದರ ಅವಸರ ಅರ್ಥವಾಗುತ್ತದೆ. ಮೋಟಾರು ಕಾರು ಮನೆಮನೆಗೆ ಬಂದಿತ್ತು, ಅದರ ಮೇಲೆ 1929ರ ಕುಸಿತದ ನಂತರದ ಮುಗ್ಗಟ್ಟು ಕವಿದಿತ್ತು. ರೈಲು ಹತ್ತುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಹಳೆಯ ಉಕ್ಕಿನ ಬೋಗಿಗಳು ವಿಪರೀತ ಭಾರ, ಅವನ್ನೆಳೆಯುವ ಉಗಿ ಎಂಜಿನ್ನಿಗೆ ದಾರಿಯುದ್ದಕ್ಕೂ ನೀರು, ಕಲ್ಲಿದ್ದಲು, ಆಳುಗಳು. ಜನರನ್ನು ಮರಳಿ ಸೆಳೆಯಬೇಕಾದರೆ ಗಾಡಿ ಹಗುರಾಗಬೇಕು, ವೇಗವಾಗಿರಬೇಕು, ಕಣ್ಣಿಗೆ ಹೊಸದಾಗಿ ಕಾಣಬೇಕು ಎಂದು ಯೋಚಿಸಿದವರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯವರು ಮೊದಲಿಗರು. ಪುಲ್‌ಮನ್ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಕಟ್ಟಿದ ಅವರ ಎಂ–10000 ಎಂಬ ಹಳದಿ ಮತ್ತು ಕಂದು ಬಣ್ಣದ ಗಾಡಿ 1934ರ ಫೆಬ್ರವರಿಯಲ್ಲೇ, ಜೆಫಿರ್‌ಗಿಂತ ಎರಡು ತಿಂಗಳು ಮೊದಲೇ ಹೊರಬಂದು ದೇಶವೆಲ್ಲ ಸುತ್ತಿ ಪ್ರದರ್ಶನಗೊಂಡಿತು. ಆದರೆ ಅದರ ಎಂಜಿನ್ ಡೀಸೆಲ್ಲಿನದಲ್ಲ. ಪೆಟ್ರೋಲಿಗೂ ಸೀಮೆಎಣ್ಣೆಗೂ ನಡುವಣ ಒಂದು ಇಂಧನವನ್ನು ಕಿಡಿ ಹೊತ್ತಿಸಿ ಉರಿಸುವಂಥದ್ದು. 1942ರಲ್ಲಿ ಯುದ್ಧಕ್ಕೆ ಅಲ್ಯೂಮಿನಿಯಂ ಬೇಕಾದಾಗ ಆ ಗಾಡಿಯನ್ನು ಒಡೆದು ಕರಗಿಸಿಬಿಟ್ಟರು. ಹೀಗಾಗಿ ಮೊದಲನೆಯದನ್ನು ನೋಡುವ ಭಾಗ್ಯ ಯಾರಿಗೂ ಇಲ್ಲ, ನಾವು ಹೋಗಿ ನೋಡಬಹುದಾದದ್ದು ಎರಡನೆಯದನ್ನೇ.

ಅಕ್ರನ್, ಯೂಮಾ ಎಂಬ ಸಣ್ಣ ಊರುಗಳನ್ನು ಗಾಡಿ ನಿಲ್ಲದೆ ದಾಟುವಷ್ಟರಲ್ಲಿ ಕತ್ತಲಾಗಿತ್ತು. ನೆಬ್ರಾಸ್ಕಾ ಪೂರ್ತಿ ರಾತ್ರಿಯಲ್ಲೇ ಕಳೆಯಿತು. ಲಿಂಕನ್, ಒಮಾಹಾ ನಿಲ್ದಾಣಗಳ ದೀಪಗಳನ್ನು ಅರೆನಿದ್ದೆಯಲ್ಲಿ ಕಂಡದ್ದಷ್ಟೇ. ಲಿಂಕನ್, ಒಮಾಹಾ, ಕ್ಯಾನ್ಸಸ್ ಸಿಟಿಗಳ ನಡುವೆಯೇ ಜೆಫಿರ್ 1934ರ ನವೆಂಬರ್ 11ರಿಂದ ನಿತ್ಯದ ಸೇವೆಗೆ ನಿಂತದ್ದು. ಬೆಳಗಾದಾಗ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳು ಏರಿಳಿಯುತ್ತ ಇಕ್ಕೆಲಗಳಲ್ಲೂ ಹಬ್ಬಿದ್ದವು. ಬರ್ಲಿಂಗ್ಟನ್ ಊರಿನಲ್ಲಿ ಗಾಡಿ ನಿಧಾನವಾಗಿ ಮಿಸಿಸಿಪಿ ನದಿಯನ್ನು ದಾಟಿ ಇಲಿನಾಯ್ ರಾಜ್ಯಕ್ಕೆ ಇಳಿಯಿತು.

ಅಲ್ಲಿಂದ ಮುಂದಿನ ಗೇಲ್ಸ್‌ಬರ್ಗ್ ನಿಲ್ದಾಣದ ಪಕ್ಕದಲ್ಲೇ ಸಣ್ಣ ರೈಲ್ವೆ ಸಂಗ್ರಹಾಲಯವೊಂದಿದ್ದು, ಅಲ್ಲಿ 3006 ಸಂಖ್ಯೆಯ ಭಾರಿ ಉಗಿ ಎಂಜಿನ್ ನಿಂತಿದೆ. ಬಾಲ್ಡ್‌ವಿನ್ ಕಾರ್ಖಾನೆ 1930ರಲ್ಲಿ ಕಟ್ಟಿದ ಈ ಜಾತಿಯ ಎಂಜಿನ್ನುಗಳಲ್ಲಿ ಒಂದಕ್ಕೆ ಬರ್ಲಿಂಗ್ಟನ್ ಕಂಪನಿ ಹೊಳೆಯುವ ಉಕ್ಕಿನ ಹೊದಿಕೆ ತೊಡಿಸಿ, ಈಯೋಲಸ್ ಎಂದು ಹೆಸರಿಟ್ಟು, ಡೀಸೆಲ್ ಗಾಡಿ ಕೈಕೊಟ್ಟ ದಿನ ಅದರ ಬದಲಿಗೆ ಓಡಿಸಲು ಇಟ್ಟುಕೊಂಡಿತ್ತು. ಉಗಿ ಎಂಜಿನ್ನಿಗೆ ಹೊದಿಕೆ ಹಾಕುವ ಈ ಪರಿಪಾಠ ಆ ದಶಕದಲ್ಲಿ ವ್ಯಾಪಕವಾಯಿತು. ಮಿಲ್ವಾಕಿ ರೋಡ್ ಕಂಪನಿಯ ಹಿಯಾವಾಥಾ 1935ರ ಮೇ ತಿಂಗಳಲ್ಲಿ ಶುರುವಾದಾಗ ಅದರ ಎಂಜಿನ್ ಉಗಿಯದೇ ಆಗಿದ್ದರೂ ಹೊಸದಾಗಿಯೇ ವೇಗಕ್ಕೆಂದು ಕಟ್ಟಿದ್ದು, ಗಂಟೆಗೆ 160 ಕಿಲೋಮೀಟರ್ ದಾಟುವುದು ಅದಕ್ಕೆ ನಿತ್ಯದ ಕೆಲಸವಾಗಿತ್ತು. ನ್ಯೂಯಾರ್ಕ್ ಸೆಂಟ್ರಲ್ ಕಂಪನಿಯ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್‌ಗೆ ಹೆನ್ರಿ ಡ್ರೈಫಸ್ ರೂಪ ಕೊಟ್ಟರು. ಪೆನ್ಸಿಲ್ವೇನಿಯಾ ಕಂಪನಿಯ ಬ್ರಾಡ್‌ವೇ ಲಿಮಿಟೆಡ್‌ಗೆ ರೇಮಂಡ್ ಲೋವಿ. 1938ರ ಜೂನ್ 15ರಂದು, ಒಂದೇ ದಿನ, ಈ ಎರಡು ಪ್ರತಿಸ್ಪರ್ಧಿಗಳ ಹೊಸ ಗಾಡಿಗಳು ನ್ಯೂಯಾರ್ಕ್–ಶಿಕಾಗೋ ನಡುವೆ 16 ಗಂಟೆಗಳ ಓಟ ಆರಂಭಿಸಿದವು. ಚಿತ್ರಗಳಲ್ಲಿ ಇವು ಬಹಳ ಚೆಂದ. ಆದರೆ ಹೊದಿಕೆಯೊಳಗಿನ ಯಂತ್ರ ಹಳೆಯ ಜಾತಿಯದೇ ಆಗಿದ್ದಲ್ಲಿ ಅದರಿಂದ ಸಿಕ್ಕಿದ್ದು ಮುಖ್ಯವಾಗಿ ಜಾಹೀರಾತು. ರಿಪೇರಿಗೆ ಬಂದಾಗ ಆ ಹೊದಿಕೆಯನ್ನು ಬಿಚ್ಚುವುದೇ ಕಾರ್ಖಾನೆಯವರಿಗೆ ಇನ್ನೊಂದು ಕೆಲಸ. ಹಿಯಾವಾಥಾದ ಉಗಿ ಎಂಜಿನ್ನುಗಳಾಗಲಿ ಸೆಂಚುರಿಯ ಹೊದಿಕೆಯ ಎಂಜಿನ್ನುಗಳಾಗಲಿ ಒಂದೂ ಉಳಿಯಲಿಲ್ಲ.

ಶಿಕಾಗೋ ಇನ್ನು ಒಂದು ಗಂಟೆ ಇರುವಾಗ ನೇಪರ್‌ವಿಲ್ ಬರುತ್ತದೆ. ಇಂದಿನ ರೈಲು ಅಂದಿನದಕ್ಕಿಂತ ನಿಧಾನವೇಕೆ ಎಂಬ ನನ್ನ ಪ್ರಶ್ನೆಗೆ ಉತ್ತರವಿದ್ದದ್ದು ಇಲ್ಲಿಯೇ. 1946ರ ಏಪ್ರಿಲ್ 25ರಂದು ಇಲ್ಲಿ ತಪಾಸಣೆಗೆಂದು ನಿಂತಿದ್ದ ಬರ್ಲಿಂಗ್ಟನ್ ಕಂಪನಿಯ ಗಾಡಿಗೆ, ಅದೇ ಹಳಿಯಲ್ಲಿ ನಿಮಿಷಗಳ ಅಂತರದಲ್ಲಿ ಹಿಂಬಾಲಿಸುತ್ತಿದ್ದ ಎಕ್ಸ್‌ಪೊಸಿಷನ್ ಫ್ಲಾಯರ್ ವೇಗವಾಗಿ ಬಂದು ಹೊಡೆಯಿತು. 45 ಜನ ಸತ್ತರು. ಮರುವರ್ಷ ಕೇಂದ್ರ ಸರ್ಕಾರದ ವಾಣಿಜ್ಯ ಆಯೋಗ ಹೊರಡಿಸಿದ ಆದೇಶದಂತೆ, ಗಂಟೆಗೆ 80 ಮೈಲಿ ಅಥವಾ ಅದಕ್ಕಿಂತ ವೇಗವಾಗಿ ಗಾಡಿ ಓಡಿಸಬೇಕಾದರೆ ಚಾಲಕನ ಕೋಣೆಯೊಳಗೇ ಸಿಗ್ನಲ್ ತೋರಿಸುವ ಅಥವಾ ಗಾಡಿಯನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಇರಬೇಕಾಯಿತು. ಪ್ರಯಾಣಿಕ ಸೇವೆಯಲ್ಲಿ ನಷ್ಟ ಕಾಣುತ್ತಿದ್ದ ಕಂಪನಿಗಳು ಬಹುತೇಕ ಮಾರ್ಗಗಳಲ್ಲಿ ಆ ಖರ್ಚಿಗೆ ಕೈಹಾಕದೆ 79 ಮೈಲಿಗೆ, ಅಂದರೆ 127 ಕಿಲೋಮೀಟರಿಗೆ, ವೇಗವನ್ನು ಕಟ್ಟಿಹಾಕಿದವು. ನಾನು ಟಿಕೆಟ್ ನೋಡಲು ಬಂದ ಕಂಡಕ್ಟರರನ್ನು ಈ ದಾರಿಯಲ್ಲಿ ಎಷ್ಟು ವೇಗ ಹೋಗುತ್ತೀರಿ ಎಂದು ಕೇಳಿದಾಗ ಅವರು ಯೋಚಿಸದೆ ಹೇಳಿದ್ದೂ ‘ಎಪ್ಪತ್ತೊಂಬತ್ತು ಸರ್’ ಎಂದೇ. ಜೆಫಿರ್‌ನ ಸರಾಸರಿ ವೇಗವಾಗಿದ್ದುದು ಇಂದು ಹೆಚ್ಚುಕಡಿಮೆ ಗರಿಷ್ಠ ಮಿತಿಯಾಗಿದೆ. ಇದನ್ನು ಹಿಂದೆ ಬಿದ್ದದ್ದೆಂದು ಹಗುರವಾಗಿ ಹೇಳಲು ನನಗೆ ಮನಸ್ಸಾಗುವುದಿಲ್ಲ. ಆ ಮಿತಿಯ ಹಿಂದೆ 45 ಸಾವುಗಳಿವೆ. ಆದರೆ ಸಿಗ್ನಲ್ ಸುಧಾರಿಸುವ ಬದಲು ವೇಗವನ್ನು ಇಳಿಸುವುದೇ ಅಗ್ಗವಾದದ್ದು ವಿಷಾದದ ಸಂಗತಿಯೇ.

ಶಿಕಾಗೋದಲ್ಲಿ ಮರುದಿನ ಸರೋವರದ ದಂಡೆಯುದ್ದಕ್ಕೂ ದಕ್ಷಿಣಕ್ಕೆ ಹೋಗುವ ಲೋಕಲ್ ರೈಲು ಹಿಡಿದು ಜ್ಯಾಕ್‌ಸನ್ ಪಾರ್ಕಿನ ವಿಜ್ಞಾನ ಮತ್ತು ಕೈಗಾರಿಕಾ ಸಂಗ್ರಹಾಲಯಕ್ಕೆ ಹೋದೆ. ಕಟ್ಟಡ 1893ರ ವಿಶ್ವಮೇಳದ್ದು. ಪಯೋನೀರ್ ಜೆಫಿರ್ ಕೊನೆಯ ಓಟ ಮುಗಿಸಿದ 1960ರಲ್ಲೇ ಇಲ್ಲಿಗೆ ಬಂತು. ದಶಕಗಳ ಕಾಲ ಹೊರಗೆ ಮಳೆ ಹಿಮಗಳಲ್ಲಿ ನಿಂತಿದ್ದು, 90ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ದುರಸ್ತಿಗೊಂಡು ಈಗ ನೆಲಮಾಳಿಗೆಯ ಸಭಾಂಗಣದಲ್ಲಿದೆ. ಹೊರಗಿನ ಬಿಸಿಲಿನಿಂದ ಇಳಿದು ಹೋದಾಗ ಮೊದಲು ಕಾಣುವುದು ಹಿಂದಕ್ಕೆ ವಾಲಿದ ಅದರ ಮೂತಿ, ಅದರ ಮೇಲೆ 9900 ಎಂಬ ಸಂಖ್ಯೆ. ಹತ್ತಿರ ಹೋದರೆ ಬದಿಯ ತಗಡಿನುದ್ದಕ್ಕೂ ಸಮಾನಾಂತರ ಏಣುಗಳು. ಇವು ಬರಿಯ ಅಲಂಕಾರವಲ್ಲ. ತೆಳುವಾದ ತಗಡು ಬಳುಕದಿರಲೆಂದು ಕೊಟ್ಟ ಬಲ. ಬಣ್ಣವೇ ಹಚ್ಚಿಲ್ಲ, ಹಚ್ಚಬೇಕಾಗಿಯೂ ಇಲ್ಲ, ಏಕೆಂದರೆ ಇದು ಕ್ರೋಮಿಯಂ ಮತ್ತು ನಿಕಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲ್, ನಮ್ಮ ಅಡುಗೆಮನೆಯ ಪಾತ್ರೆಗಳ ಜಾತಿಯದೇ.

ಆ ಲೋಹವನ್ನು ಸಾಮಾನ್ಯ ಬೆಸುಗೆಯಿಂದ ಜೋಡಿಸಿದರೆ ಬಿಸಿಯೇರಿದ ಜಾಗದಲ್ಲಿ ಅದರ ತುಕ್ಕುಹಿಡಿಯದ ಗುಣ ಕೆಟ್ಟುಹೋಗುತ್ತದೆ. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಾರ್ಖಾನೆ ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಎರಡು ತಗಡುಗಳನ್ನು ಒತ್ತಿ ಹಿಡಿದು ಭಾರಿ ವಿದ್ಯುತ್ತನ್ನು ಕ್ಷಣಾರ್ಧದಷ್ಟೇ ಹಾಯಿಸಿ, ಶಾಖ ಸುತ್ತ ಹರಡುವ ಮುನ್ನವೇ ಒಂದು ಬೊಟ್ಟಿನಷ್ಟು ಜಾಗವನ್ನು ಬೆಸೆದುಬಿಡುವುದು. ‘ಶಾಟ್ ವೆಲ್ಡಿಂಗ್’ ಎಂದು ಹೆಸರಾದ ಈ ಬೆಸುಗೆಯೇ ಜೆಫಿರ್ ಅನ್ನು ಸಾಧ್ಯವಾಗಿಸಿದ್ದು. ಕಾರ್ಖಾನೆಯ ಬಡ್ ಮತ್ತು ರೈಲ್ವೆಯ ಬಡ್ ಒಂದೇ ಮನೆತನದವರೆಂದು ಹಲವರು ತಿಳಿಯುವುದುಂಟು. ಅವರು ಹತ್ತಿರದ ಬಂಧುಗಳಲ್ಲ. ಗಾಡಿಯ ಇನ್ನೊಂದು ಉಳಿತಾಯ ಅಡಿಯಲ್ಲಿ ಬಗ್ಗಿ ನೋಡಿದರೆ ಕಾಣುತ್ತದೆ: ಪಕ್ಕಪಕ್ಕದ ಎರಡು ಬೋಗಿಗಳ ತುದಿಗಳು ಒಂದೇ ಗಾಲಿಚೌಕಟ್ಟಿನ ಮೇಲೆ ಕುಳಿತಿವೆ, ಆದ್ದರಿಂದ ಮೂರು ಬೋಗಿಗಳಿಗೆ ನಾಲ್ಕೇ ಚೌಕಟ್ಟುಗಳು. ಒಳಗೆ 72 ಆಸನಗಳು. ಹಿಂತುದಿಯಲ್ಲಿ ಅರ್ಧವೃತ್ತಾಕಾರವಾಗಿ ಗಾಜು ಸುತ್ತಿದ 12 ಕುರ್ಚಿಗಳ ಕೋಣೆ. ಮುಂದಿನ ಬೋಗಿಯಲ್ಲಿ ಎಂಜಿನ್, ಅದರ ಹಿಂದೆಯೇ ಅಂಚೆ ವಿಂಗಡಿಸುವ ಕೋಣೆ.

ನನ್ನ ಮಟ್ಟಿಗೆ ಇಡೀ ಗಾಡಿಯ ಜೀವ ಆ ಎಂಜಿನ್ನೇ. ಜನರಲ್ ಮೋಟಾರ್ಸ್ 1930ರಲ್ಲಿ ಕೊಂಡಿದ್ದ ವಿಂಟನ್ ಕಂಪನಿಯ, ಎಂಟು ಸಿಲಿಂಡರುಗಳ, 600 ಅಶ್ವಶಕ್ತಿಯ ಡೀಸೆಲ್ ಅದು. ಅದುವರೆಗಿನ ಡೀಸೆಲ್ ಎಂಜಿನ್ನುಗಳು ತಮ್ಮ ಶಕ್ತಿಗೆ ಹೋಲಿಸಿದರೆ ಬಹಳ ಭಾರವಾಗಿದ್ದು ಹೆಚ್ಚಾಗಿ ಶಂಟಿಂಗ್, ಎಂದರೆ ಬೋಗಿಗಳನ್ನು ಹಳಿಯಿಂದ ಹಳಿಗೆ ಸರಿಸುವ ಕೆಲಸಕ್ಕೆ ಒಗ್ಗುತ್ತಿದ್ದವು. 1933ರ ಶಿಕಾಗೋ ಪ್ರದರ್ಶನದಲ್ಲಿ ಜನರಲ್ ಮೋಟಾರ್ಸ್ ಮಳಿಗೆಗೆ ವಿದ್ಯುತ್ ಒದಗಿಸುತ್ತಿದ್ದ ಎರಡು ಹೊಸ ವಿಂಟನ್ ಎಂಜಿನ್ನುಗಳನ್ನು ರಾಲ್ಫ್ ಬಡ್ ಕಂಡು, ತಮ್ಮ ಗಾಡಿಗೂ ಅದೇ ಬೇಕೆಂದು ಹಟ ಹಿಡಿದರು. ಇನ್ನೂ ಪಳಗದ ಯಂತ್ರವನ್ನು ನಂಬಿದ ಆ ಧೈರ್ಯ, ಗಾಡಿಯ ಚೂಪು ಮೂತಿಗಿಂತ ದೊಡ್ಡದು. ಗಾಳಿಯನ್ನು ಸೀಳುವ ಆಕಾರ ಜನರನ್ನು ನಿಲ್ದಾಣಕ್ಕೆ ಕರೆತಂದಿತು. ಉಗಿಯನ್ನು ಹಳಿಗಳಿಂದ ಓಡಿಸಿದ್ದು ಡೀಸೆಲ್.

ಅದೇ ಸಂಗ್ರಹಾಲಯದಲ್ಲಿ ನ್ಯೂಯಾರ್ಕ್ ಸೆಂಟ್ರಲ್‌ನ 999 ಸಂಖ್ಯೆಯ ಉಗಿ ಎಂಜಿನ್ನೂ ಇದೆ. 1893ರ ಮೇ 10ರಂದು ಅದು ಮುಟ್ಟಿತೆಂದು ಕಂಪನಿ ಸಾರಿದ ವೇಗವೂ ಗಂಟೆಗೆ 112.5 ಮೈಲಿಯೇ. ಆ ಹಳೆಯ ದಾವೆಯನ್ನು ತಜ್ಞರು ಅಷ್ಟಾಗಿ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೂ ಎರಡೂ ಒಂದೇ ಚಾವಣಿಯಡಿ ನಿಂತಿರುವುದನ್ನು ನೋಡುವುದು ಮೋಜಿನ ವಿಷಯ.

ಜೆಫಿರ್‌ಗೆ ಒಂದು ದೊಡ್ಡ ಕೊರತೆಯಿತ್ತು. ಎಂಜಿನ್ ಮತ್ತು ಬೋಗಿಗಳು ಒಂದೇ ಘಟಕವಾದ್ದರಿಂದ ಹಬ್ಬದ ದಿನ ಜನ ಹೆಚ್ಚಾದರೆ ಬೋಗಿ ಸೇರಿಸುವಂತಿರಲಿಲ್ಲ, ಎಂಜಿನ್ ಕೆಟ್ಟರೆ ಇಡೀ ರೈಲೇ ಮೂಲೆಗೆ. ಕಂಪನಿಗಳು ಇದನ್ನು ಬೇಗನೆ ಅರಿತವು. ಆ ತಿದ್ದುಪಡಿಯನ್ನು ಕಣ್ಣಾರೆ ಕಾಣಬೇಕೆನ್ನುವವರು ಶಿಕಾಗೋದ ವಾಯವ್ಯಕ್ಕಿರುವ ಯೂನಿಯನ್ ಎಂಬ ಹಳ್ಳಿಯ ಇಲಿನಾಯ್ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕು, ನಾನೂ ಹೋದೆ. 1936ರಲ್ಲಿ ಟ್ವಿನ್ ಸಿಟೀಸ್ ಜೆಫಿರ್‌ಗಾಗಿ ಬಡ್ ಕಾರ್ಖಾನೆ ಕಟ್ಟಿದ, ಬೋಗಿಗಳಿಗೆಲ್ಲ ದೇವತೆಯರ ಹೆಸರಿಟ್ಟ ರೈಲು ಅಲ್ಲಿದೆ. ಜೂನೊ ಎಂಬ ಕೊನೆಯ ಬೋಗಿಯ ದುಂಡನೆಯ ಹಿಂಭಾಗ ಪಯೋನೀರ್‌ನದನ್ನೇ ಹೋಲುತ್ತದೆ. ಆದರೆ ಅದನ್ನೆಳೆಯುವುದು ಬೇರೆಯಾಗಿ ಕಳಚಬಹುದಾದ ‘ಸಿಲ್ವರ್ ಪೈಲಟ್’ ಎಂಬ ಡೀಸೆಲ್ ಎಂಜಿನ್. ಇ5 ಎಂಬ ಆ ಮಾದರಿಯಲ್ಲಿ ಉಳಿದಿರುವುದು ಇದೊಂದೇ. ವರ್ಷದ ಕೆಲವು ದಿನ ಮ್ಯೂಸಿಯಮ್ಮಿನವರು ಇದನ್ನು ತಮ್ಮ ಸ್ವಂತ ಹಳಿಯ ಮೇಲೆ ಓಡಿಸುತ್ತಾರೆ. ಹೋಗುವವರು ಆ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು, ಮತ್ತು ಊರಿಗೆ ರೈಲಿನಲ್ಲಿ ಹೋಗುವ ಆಸೆ ಇಟ್ಟುಕೊಳ್ಳದೆ ಕಾರನ್ನೇ ಗೊತ್ತುಮಾಡಿಕೊಳ್ಳಬೇಕು.