ಉಳಿನ ಮಾತ್ರ ಒಳಗೆ ಬಿಡ್ಲಿಲ್ಲ

ನಮ್ಮೂರು ಶಿವಾರಪಟ್ಟಣ, ಮಾಲೂರು ತಾಲೂಕು. ಗೊತ್ತಿರೋರಿಗೆ ಹೇಳೋದೇ ಬೇಡ, ಊರಿಗೆ ಕಾಲಿಟ್ರೆ ಮನೆ ಮುಂದೆ ಅರ್ಧ ಆಗಿರೋ ಗಣೇಶ, ಇನ್ನೂ ಮುಖ ಬರದಿರೋ ಅಮ್ಮನವರು, ಎಲ್ಲಿ ನೋಡಿದ್ರೂ ಕಲ್ಲಿನ ಚಕ್ಕೆ. ಈಗ ಗ್ರೈಂಡರ್ ಬಂದು ಟಕ್ ಟಕ್‌ಗಿಂತ ಕೊರ್ರ್ ಅನ್ನೋ ಸದ್ದೇ ಜಾಸ್ತಿ, ಅದು ಬೇರೆ ಮಾತು. ನಾನು ಆ ಕೆಲಸ ಕಲೀಲಿಲ್ಲ, ನರಸಾಪುರದಲ್ಲಿ ಫ್ಯಾಕ್ಟರಿಗೆ ಹೋಗ್ತೀನಿ. ದೊಡ್ಡಪ್ಪ ಮಾತ್ರ ಎಪ್ಪತ್ತು ಹತ್ರ ಬಂದ್ರೂ ಉಳಿ ಕೆಳಗಿಟ್ಟಿಲ್ಲ.

ಹೋದ ವರ್ಷ ಮುಂಬೈ ಕಡೆಯ ಒಂದು ದೇವಸ್ಥಾನಕ್ಕೆ ಅವರು ಮಾಡಿದ ವಿಗ್ರಹ ಲಾರೀಲಿ ಹೋಗಿತ್ತು, ಕಣ್ಣು ಬಿಡಿಸೋಕೆ, ಅಂದ್ರೆ ಕೊನೇಗೆ ವಿಗ್ರಹದ ಕಣ್ಣು ಕೆತ್ತೋಕೆ, ಕೆತ್ತಿದೋರೇ ಬರ್ಬೇಕು ಅಂತ ಅಲ್ಲಿನೋರು ಫ್ಲೈಟ್ ಟಿಕೆಟ್ ಕಳ್ಸಿದ್ರು, ಜೊತೆಗಿರಲಿ ಅಂತ ನಂಗೂ ಒಂದು. ಇಬ್ರಿಗೂ ಫಸ್ಟ್ ಟೈಮ್. ರಾತ್ರಿ ಎರಡೂವರೆಗೇ ಹೊರಟು ಹೊಸಕೋಟೆ, ಸೂಲಿಬೆಲೆ ಮೇಲೆ ದೇವನಹಳ್ಳಿ ಏರ್‌ಪೋರ್ಟ್ ಸೇರಿದ್ವಿ.

ಕೆಂಪೇಗೌಡರ ಪ್ರತಿಮೆ ಕಂಡಿದ್ದೇ ತಡ ದೊಡ್ಡಪ್ಪ ಕಾರು ನಿಲ್ಸು ಅಂದ್ರು, ಅಲ್ಲೆಲ್ಲಿ ನಿಲ್ಸೋದು, ಡ್ರೈವರ್ ಸ್ವಲ್ಪ ಸ್ಲೋ ಮಾಡಿದ ಅಷ್ಟೇ. ನಾನು ಫೋನ್ ನೋಡ್ಕೊಂಡು ಓದ್ದೆ, 108 ಅಡಿ, 98 ಟನ್ ಕಂಚು, 120 ಟನ್ ಉಕ್ಕು, ಬರೀ ಕತ್ತಿನೇ 4 ಟನ್. 'ತೂಕ ಯಾರಿಗ್ ಬೇಕೋ, ಮಾಡಿದ್ಯಾರು ಹೇಳು' ಅಂದ್ರು. ರಾಮ್ ಸುತಾರ್ ಅಂತೆ, ಗುಜರಾತಲ್ಲಿ 182 ಮೀಟರ್ ಪಟೇಲರ ಪ್ರತಿಮೆನೂ ಅವರದ್ದೇ ಅಂದೆ. 'ಸುತಾರ್ ಅಂದ್ರೆ ಮರಗೆಲಸದೋರು ಕಣೋ, ನಮ್ಮೋರೇ' ಅಂತ ನೆಟ್ಟಗೆ ಕೂತ್ಕೊಂಡ್ರು ನೋಡಿ, ಸಂಬಂಧಿಕರ ಮನೆಗೆ ಹೋಗ್ತಿರೋ ಥರ. ಸುತಾರ್ ಅವರಪ್ಪ ನಿಜವಾಗ್ಲೂ ಬಡಗಿ, ಮಹಾರಾಷ್ಟ್ರದ ಧುಳೆ ಕಡೆಯೋರು. 2022ರಲ್ಲಿ ಪ್ರತಿಮೆ ಉದ್ಘಾಟನೆಗೆ ಮುಂಚೆ ರಾಜ್ಯದ ಹಳ್ಳಿ ಹಳ್ಳಿಯಿಂದ ಮಣ್ಣು ತಗೊಂಡು ಹೋಗಿದ್ರಲ್ಲ, ಅದನ್ನೂ ನೆನೆಸ್ಕೊಂಡ್ರು.

ಎರಡನೇ ಟರ್ಮಿನಲ್ ಒಳಗೆ ಹೋದ್ವಿ. ಮೇಲೆ ನೋಡಿದ್ರೆ ಪೂರಾ ಬಿದಿರು, ತೂಗು ಬಿಟ್ಟಿರೋ ಗಿಡಗಳು, ಏರ್‌ಪೋರ್ಟೋ ಲಾಲ್‌ಬಾಗೋ ಅನ್ಸುತ್ತೆ. ಸರಿ, ಸೆಕ್ಯುರಿಟಿ ಚೆಕ್. ದೊಡ್ಡಪ್ಪನ ಬಟ್ಟೆ ಬ್ಯಾಗ್ ಮೆಷಿನ್ ಒಳಗೆ ಹೋಯ್ತು, ವಾಪಸ್ ಬಂತು, ಮತ್ತೆ ಹೋಯ್ತು. ಅಲ್ಲಿದ್ದ ಹುಡುಗ ಬ್ಯಾಗ್ ತೆಗೆಸಿದ್ರೆ ಪಂಚೆ ಒಳಗೆ ಸುತ್ತಿದ್ದ ಏಳು ಉಳಿ, ಒಂದು ಸಣ್ಣ ಸುತ್ತಿಗೆ. ತಪ್ಪು ನಂದೇ, ಅದನ್ನ ಲಗೇಜಿಗೆ ಹಾಕ್ಬೇಕು ಅನ್ನೋದು ತಲೆಗೇ ಹೊಳೀಲಿಲ್ಲ. 'ಇದೇನ್ ತಾತ?' 'ಚಾಣ ಸಾಮಿ, ಕಲ್ಲು ಕೆತ್ತೋದು.' ಹುಡುಗ ಒಂದನ್ನ ಕೈಗೆ ತಗೊಂಡ, ತುದಿ ಮುಟ್ಟಿ ನೋಡ್ದ. ಬಾಯಿ ಕಡೆ ಬೆಳ್ಳಗೆ ಹೊಳೀತಿತ್ತು, ಏಟು ಬೀಳೋ ತಲೆ ಕಡೆ ಅಣಬೆ ಥರ ಅರಳಿ ಅಂಚೆಲ್ಲಾ ಹರ್ಕೊಂಡಿತ್ತು, ಮಧ್ಯದಲ್ಲಿ ಹೆಬ್ಬೆಟ್ಟು ಕೂರೋ ಜಾಗ ಸವೆದು ನುಣ್ಣಗಾಗಿತ್ತು. ಒಳಗೆ ಬಿಡೋ ಹಾಗಿಲ್ಲ, ವಾಪಸ್ ಹೋಗಿ ಲಗೇಜಿಗೆ ಹಾಕಿ ಬನ್ನಿ ಅಂದ, ಪಾಪ ಮರ್ಯಾದೆಯಿಂದಾನೇ ಹೇಳ್ದ. ಓಡಿ ಹೋಗಿ, ಕೌಂಟರಲ್ಲಿ ಕೈ ಮುಗಿದು ಬ್ಯಾಗ್ ಕೊಟ್ಟು, ಮತ್ತೆ ಕ್ಯೂ ನಿಂತು ಒಳಗೆ ಬರೋಷ್ಟರಲ್ಲಿ ನನ್ನ ಬೆವರು ಇಳೀತಿತ್ತು. ದೊಡ್ಡಪ್ಪ ಸುತ್ತ ನೋಡ್ಕೊಂಡು ಅಂದಿದ್ದು ಒಂದೇ ಮಾತು, 'ಒಳಗೆಲ್ಲಾ ಕಲೆ ಇಟ್ಟವ್ರೆ, ಉಳಿಗ್ ಮಾತ್ರ ಜಾಗ ಇಲ್ವಂತೆ.'

ಇಲ್ಲಿನ ಕಲೆಗೆ ನೌರಸ, ಅಂದ್ರೆ ನವರಸ, ಅಂತ ಥೀಮ್ ಇಟ್ಟಿದಾರೆ. ದೊಡ್ಡಪ್ಪಂಗೆ ಹೇಳಿದ್ರೆ, ರಸ ಎಲ್ಲಾ ಕಣ್ಣಲ್ಲೇ ಇರೋದು, ಅದಕ್ಕೇ ಕಣ್ಣು ಕೊನೇಗೆ ಬಿಡಿಸೋದು ಅಂದ್ರು. ಪ್ರತಿ ಕಲಾಕೃತಿ ಹತ್ರನೂ ಮೊದಲು ಬೋರ್ಡ್ ಓದು ಅನ್ನೋರು. ಹೆಸರು ಓದಿದ ಮೇಲೇನೇ ತಲೆ ಎತ್ತಿ ಕೆಲಸ ನೋಡೋದು. ಯಾಕೆ ಅಂದ್ರೆ, ಬೇಲೂರಲ್ಲಿ ಶಿಲ್ಪಿ ದಾಸೋಜ, ಅವನ ಮಗ ಚಾವಣ ಕಲ್ಲಿನ ಮೇಲೇ ಹೆಸರು ಹಾಕ್ಕೊಂಡವ್ರೆ, 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮ ಹಾಕ್ಕೊಂಡವ್ನೆ, ನಮ್ ಕಾಲಕ್ಕೆ ಬರೋಷ್ಟರಲ್ಲಿ ದೇವ್ರ ಮೇಲೆ ದಾನ ಕೊಟ್ಟೋರ ಹೆಸರು ಮಾತ್ರ ಉಳೀತು ಅಂದ್ರು. ಕೋಪದಲ್ಲೇನೂ ಅಲ್ಲ, ನಮ್ಮೂರಿಗೆ ಬಸ್ ಕಮ್ಮಿ ಅನ್ನೋ ಥರ.

ಗೇಟ್ ಹತ್ರ ಕೂತ್ಕೊಳ್ಳೋಕೆ ಹೋದ್ರೆ ಸೀಟಿಗೆ ಬೆತ್ತದ ಹೆಣಿಗೆ. ಕೂರದೇ ಬಗ್ಗಿ ಸುತ್ತಲೂ ನೋಡಿದ್ರು, ಆಮೇಲೆ ನನ್ನನ್ನ ಕರೆದು, 'ಇದ್ರದ್ದು ಬೋರ್ಡ್ ಎಲ್ಲೋ?' ಅಂದ್ರು. ಸೀಟಿಗೆಲ್ಲಾ ಬೋರ್ಡ್ ಹಾಕಲ್ಲ ದೊಡ್ಡಪ್ಪ ಅಂದೆ. 'ಹೆಣೆದಿರೋದು ಕೈಯಲ್ಲಿ ತಾನೆ' ಅಂದ್ರು. ನಂಗೂ ಅದೇ ಸರಿ ಅನ್ಸಿತು, ಗೋಡೆ ಮೇಲಿದ್ರೆ ಕಲೆ, ಕೂರೋದಾದ್ರೆ ಫರ್ನಿಚರ್ರಾ?

ಮುಂಬೈಯಲ್ಲಿ ಬೆಲ್ಟ್ ಮೇಲೆ ಬ್ಯಾಗ್ ಬಂದ ತಕ್ಷಣ ಅಲ್ಲೇ ನೆಲದ ಮೇಲೆ ಬಿಚ್ಚಿ ಉಳಿ ಎಣಿಸಿದ್ರು, ಏಳೂ ಇತ್ತು. ಕೆಲಸ ಮುಗಿಸಿ ಮೂರನೇ ದಿನ ಊರಿಗೆ ಬಂದ್ವಿ. ಏರ್‌ಪೋರ್ಟ್ ಅಷ್ಟು ಚೆನ್ನಾಗೈತಂತೆ, ಏನಿತ್ತು ತೋರ್ಸು ಅಂತ ಹೆಂಡತಿ ಫೋನ್ ಕಿತ್ಕೊಂಡ್ಲು. ದೊಡ್ಡಪ್ಪ ಹೇಳ್ದಂಗೆ ನಾನು ತೆಗೆದಿದ್ದು ಹದಿನಾಲ್ಕು ಫೋಟೋ, ಎಲ್ಲಾ ಬರೀ ಹೆಸರಿನ ಬೋರ್ಡ್‌ದೇ.